ಟೇಪಮ್ಮನ ಇಂಚು

ನನ್ನ ಸೋದರತ್ತೆಯನ್ನು ಬೀದಿಯವರೆಲ್ಲ ಟೇಪಮ್ಮ ಎಂದೇ ಕರೆಯುತ್ತಿದ್ದರು. ಹೆಂಗಸರ ಉಡುಪು ಹೊಲಿಯುವವಳು. ಎದ್ದಾಗಿನಿಂದ ಮಲಗುವ ತನಕ ಅಳತೆಯ ಟೇಪು ಅವಳ ಕೊರಳಲ್ಲಿ ಇರಲೇಬೇಕು. ಒಂದು ದಿನ ಟೇಪಿಲ್ಲದೆ ಸೊಪ್ಪು ತರಲು ಹೋದಾಗ, ಇಪ್ಪತ್ತು ವರ್ಷದಿಂದ ಕಾಗದ ಕೊಡುತ್ತಿದ್ದ ಅಂಚೆಯವಳೇ ಗುರುತು ಸಿಗದೆ ಮುಂದೆ ಹೋಗಿಬಿಟ್ಟಿದ್ದಳು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ: ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗಿರಾಕಿಗಳಿಗೆ ಒಂದು ಬೆಂಚು, ಆಳೆತ್ತರದ ಕನ್ನಡಿ. ಆ ಕೋಣೆಯಲ್ಲಿ ನಾನು ಆರು ವರ್ಷ ಅಳತೆಯ ಪುಸ್ತಕ ಬರೆದಿದ್ದೇನೆ. ನನ್ನ ಕೋಪಕ್ಕೆ ಬೇರೆ ಯಾರೂ ಕೆಲಸ ಕೊಡುತ್ತಿರಲಿಲ್ಲ ಎಂಬುದೂ ನಿಜ.

ಅತ್ತೆಯ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಅವಳು ಗಿರಾಕಿಯ ಹಿಂದೆ ನಿಂತು ಟೇಪು ಸುತ್ತಿ ಅಂಕಿಯನ್ನು ಜೋರಾಗಿ ಕೂಗುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಯಂತ್ರದ ಸದ್ದಿನಲ್ಲಿ ಮೆಲ್ಲಗೆ ಹೇಳಿದರೆ ಕೇಳಿಸುತ್ತಿರಲಿಲ್ಲ. ಹಾಗಾಗಿ ಯಾರ ಸೊಂಟ ಎಷ್ಟು ಎನ್ನುವುದು ನನ್ನ ಜೊತೆಗೆ ಬೆಂಚಿಗೂ ಗೊತ್ತಾಗುತ್ತಿತ್ತು, ಬೆಂಚಿಗೆ ಗೊತ್ತಾದದ್ದು ಊಟದ ಹೊತ್ತಿಗೆ ಬೀದಿಗೆ ಗೊತ್ತಾಗುತ್ತಿತ್ತು. ಬಹಳ ಕಾಲ ಇದರಿಂದ ಯಾರಿಗೂ ಏನೂ ಆಗಲಿಲ್ಲ. ಅಂಚೆಯವಳಿಗೆ ನಲವತ್ತೆರಡು ಎಂದು ಕೂಗಿದರೆ, ಆಕೆ ಮನೆ ನಂಬರು ಕೇಳಿದವಳ ಹಾಗೆ ತಲೆಯಾಡಿಸಿ ಹೋಗುತ್ತಿದ್ದಳು.

ಆಮೇಲೆ ನಮ್ಮ ಕಿಟಕಿಯ ಎದುರಿನ ಬಸ್ ನಿಲ್ದಾಣದ ಮೇಲೆ ಜಾಹೀರಾತಿನ ದೊಡ್ಡ ಹಲಗೆ ಬಂತು. ಸಿದ್ಧ ಉಡುಪಿನ ಕಂಪನಿಯದು. ಮೂರಾಳೆತ್ತರದ ಹೆಂಗಸು, ಒಂದು ಕೈ ಸೊಂಟದ ಮೇಲೆ, ಪಕ್ಕದಲ್ಲಿ ಬರಹ: "ನಾನು ಇಪ್ಪತ್ತೆಂಟು. ನೀವು?" ವಯಸ್ಸಲ್ಲ, ಸೊಂಟ. ಯಾರೂ ಕೇಳದೆ ತನ್ನ ಸೊಂಟ ಎಷ್ಟೆಂದು ಊರಿಗೆಲ್ಲ ಹೇಳಿ, ನಿಮ್ಮದೆಷ್ಟು ಎಂದು ಕೇಳುವ ಹೆಂಗಸನ್ನು ನಾನು ಎಲ್ಲೂ ಕಂಡಿರಲಿಲ್ಲ. ಎದುರಿಗೆ ಸಿಕ್ಕಿದ್ದರೆ ಎರಡು ಮಾತು ಅಂದೇಬಿಡುತ್ತಿದ್ದೆ. ಆದರೆ ಬಸ್ಸಿಗೆ ಕಾಯುವವರೆಲ್ಲ ಅವಳ ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರ ಕೊಡತೊಡಗಿದರು, ಕೊಟ್ಟು ಮುಖ ಸಣ್ಣಗೆ ಮಾಡಿಕೊಂಡರು. ಪತ್ರಿಕೆಯಿಂದ ಕತ್ತರಿಸಿದ ನಟಿಯರ ಚಿತ್ರ ಹಿಡಿದು ಬಂದು "ಇದೇ ಥರ" ಎನ್ನುವವರು ಹೆಚ್ಚಾದರು. ಇದೇ ಥರದ ಗೌನು ಬೇಕೋ ಇದೇ ಥರದ ಹೆಂಗಸು ಬೇಕೋ ಎಂದು ನಾನು ಕೇಳಿದರೆ ಅತ್ತೆ ಕಣ್ಣು ಬಿಡುತ್ತಿದ್ದಳು.

ಅತ್ತೆಗೆ ಒಬ್ಬಳೇ ಮಗಳು. ಹುಟ್ಟಿದಾಗ ನಾಲ್ಕು ಕಿಲೋ ಇದ್ದಳೆಂದು ಆಸ್ಪತ್ರೆಯ ದಾದಿ ಮುದ್ದಿಗೆ ಗುಂಡು ಎಂದಿದ್ದಳು, ಅದೇ ಹೆಸರು ನಿಂತಿತು. ಆಗ ಅವಳಿಗೆ ಹತ್ತೊಂಬತ್ತು. ಕಾಜಾ, ಗುಂಡಿ, ಅಂಚಿನ ಕೈಹೊಲಿಗೆ ಅವಳ ಪಾಲಿನ ಕೆಲಸ. ಬೆಳಕಿಗಾಗಿ ಕಿಟಕಿಯ ಪಕ್ಕ ಕೂರುತ್ತಿದ್ದಳು. ಸೂಜಿಯಿಂದ ಕಣ್ಣೆತ್ತಿದಾಗಲೆಲ್ಲ ಎದುರಿಗೆ ಅದೇ ಹಲಗೆ, ಅದೇ ಪ್ರಶ್ನೆ. ದಿನಕ್ಕೆ ಇನ್ನೂರು ಸಲವಾದರೂ ಕಣ್ಣೆತ್ತಿರಬೇಕು.

ಒಂದು ದಿನ ಎದ್ದು ಬಂದು ನನ್ನದೂ ಅಳಿ ಎಂದಳು. ಅತ್ತೆ ಅಳೆದು, ಅಭ್ಯಾಸದಂತೆ ಗಟ್ಟಿಯಾಗಿ ಮೂವತ್ತೈದು ಎಂದು ಕೂಗಿದಳು. ಬೆಂಚಿನ ಮೇಲೆ ನಾಲ್ಕು ಜನ ಇದ್ದರು. ಗುಂಡು ಹೋಗಿ ಮತ್ತೆ ಕಿಟಕಿಯ ಪಕ್ಕ ಕೂತಳು. ಅವತ್ತಿನಿಂದ ಅವಳು ಊಟ ಬಿಟ್ಟಳು. ಒಂದು ಸೌತೆಕಾಯಿಯನ್ನು ಮೂರು ದಿನ ತಿಂದಳು ಎಂದರೆ ನೀವು ನಂಬಲಿಕ್ಕಿಲ್ಲ. ಅದನ್ನು ಹೆಚ್ಚಿ, ಎಣಿಸಿ, ಉಳಿದದ್ದಕ್ಕೆ ಬಟ್ಟೆ ಸುತ್ತಿಡುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅತ್ತೆ ಮಗಳ ತಟ್ಟೆಯ ಎದುರು ತನ್ನ ತಟ್ಟೆಯನ್ನೂ ಇಟ್ಟುಕೊಂಡು, ನೀನು ಉಂಡರೆ ನಾನೂ ಉಣ್ಣುತ್ತೇನೆ ಎಂದು ಹಟ ಹಿಡಿದಳು. ಎರಡು ತಟ್ಟೆಗಳೂ ಹಾಗೆಯೇ ಒಳಗೆ ಹೋದವು. ಎಂಟನೆಯ ದಿನ ಗುಂಡು ಕಾಜಾ ಹೊಲಿಯುತ್ತಾ ಮುಂದಕ್ಕೆ ಬಾಗಿದಳು, ಬಾಗಿದವಳು ಏಳಲಿಲ್ಲ. ಅದೇ ದಾದಿ ಓಡಿ ಬಂದಳು. ನಾಡಿ ಹಿಡಿದು, ಈ ಸಲ ಎದ್ದಳು, ಹೀಗೇ ಮುಂದುವರಿದರೆ ಒಂದು ದಿನ ಏಳುವುದಿಲ್ಲ ಎಂದು ಅತ್ತೆಯ ಕಿವಿಯಲ್ಲಿ ಹೇಳಿ ಹೋದಳು.

ಅವತ್ತು ಮಧ್ಯಾಹ್ನ ಗುಂಡು ಮಲಗಿದ್ದಾಗ ಅತ್ತೆ ನನ್ನನ್ನು ಮೇಜಿನ ಹತ್ತಿರ ಕರೆದಳು. ಬಿಳಿ ದಾರದ ಹೊಸ ಪಟ್ಟಿ, ಕರಿ ಶಾಯಿ, ಅಡಿಪಟ್ಟಿ ಮುಂದಿದ್ದವು.

"ಅವಳಿಗೆ ಬೇಕಾಗಿರೋದು ಅಂಕಿ ತಾನೆ? ಕೊಟ್ಟರಾಯ್ತು. ಇಂಚು ಅಂತ ಬರೆಯೋ ಕಡೆ ಒಂದೂಕಾಲು ಇಂಚು ಬಿಟ್ಟು ಗೀಟು ಹಾಕು. ನಿನ್ನ ಅಕ್ಷರ ನೆಟ್ಟಗಿದೆ."

ಮೂವತ್ತೈದನ್ನು ಒಂದೂಕಾಲರಿಂದ ಭಾಗಿಸಿದರೆ ಇಪ್ಪತ್ತೆಂಟು. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟ ಅತ್ತೆ ಇದನ್ನು ಮನಸ್ಸಿನಲ್ಲೇ ಮಾಡಿದ್ದಳು. ನಾನು ಗೀಟು ಹಾಕಿದೆ, ಅಂಕಿ ಬರೆದೆ, ಹೊಸದು ಎನಿಸದಿರಲಿ ಎಂದು ಚಹಾದ ನೀರಿನಲ್ಲಿ ಅದ್ದಿ ಒಣಗಿಸಿದೆ. ಹಳೆಯ ಟೇಪು ಗುಂಡಿಗಳ ಡಬ್ಬಿಯ ತಳ ಸೇರಿತು. ಸಂಜೆ ಎದ್ದ ಮಗಳಿಗೆ ಅತ್ತೆ ಹೊಸ ಟೇಪು ಸುತ್ತಿದಳು, ಸುತ್ತಿ ಬೀದಿಗೆಲ್ಲ ಕೇಳುವಂತೆ ಇಪ್ಪತ್ತೆಂಟು ಎಂದು ಕೂಗಿದಳು. ಎಂಟು ದಿನದ ಉಪವಾಸಕ್ಕೆ ಏಳು ಇಂಚು ಇಳಿದದ್ದು ಹೇಗೆ ಎಂದು ಗುಂಡು ಕೇಳಲಿಲ್ಲ. ಬೇಕಾದ ಸುಳ್ಳನ್ನು ಯಾರು ತಾನೆ ಒರೆಗೆ ಹಚ್ಚಿ ನೋಡುತ್ತಾರೆ? ಅವತ್ತು ಅವಳು ಎರಡು ಸಲ ಬಡಿಸಿಕೊಂಡು ಉಂಡಳು, ಎದುರಿಗೆ ಕೂತು ಅತ್ತೆಯೂ ಉಂಡಳು. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ತೊಂದರೆ ಏನೆಂದರೆ, ಗುಂಡು ಇಡೀ ದಿನ ಅದೇ ಕೋಣೆಯಲ್ಲಿ ಕೂತಿರುತ್ತಿದ್ದಳು. ಅವಳಿಗೊಂದು ಟೇಪು, ಗಿರಾಕಿಗಳಿಗೊಂದು ಟೇಪು ಎಂದರೆ ಗುಟ್ಟು ಬಯಲಾಗುತ್ತಿತ್ತು. ಒಬ್ಬ ಹುಡುಗಿ ಉಣ್ಣಬೇಕಾದರೆ ಇಡೀ ಬೀದಿ ಸಣ್ಣಗಾಗಲೇಬೇಕಿತ್ತು, ಆಯಿತು. ಒಂದೇ ತಿಂಗಳಲ್ಲಿ ಅಂಚೆಯವಳು ನಲವತ್ತೆರಡರಿಂದ ಮೂವತ್ತಮೂರೂವರೆಗೆ ಇಳಿದಳು. ದಾದಿ ಇಪ್ಪತ್ತೊಂಬತ್ತಾದಳು. ಉಡುಪುಗಳೇನೋ ಮೊದಲಿನಂತೆಯೇ ಮೈಗೆ ಕೂರುತ್ತಿದ್ದವು, ಏಕೆಂದರೆ ಮೈಗೂ ಅದೇ ಟೇಪು, ಬಟ್ಟೆಗೂ ಅದೇ ಟೇಪು. ಕತ್ತರಿಯನ್ನಂತೂ ಅತ್ತೆ ಯಾರ ಕೈಗೂ ಕೊಡುವವಳಲ್ಲ. ಒಬ್ಬರೂ ಒಂದು ಹಿಡಿ ಕಡಿಮೆ ತಿನ್ನದೆ ಇಡೀ ಬೀದಿ ತೆಳ್ಳಗಾಗಿತ್ತು. ಹೆಂಗಸರು ಬಸ್ಸಿಗೆ ಕಾಯುವಾಗ ತಲೆಯೆತ್ತಿ ಹಲಗೆಯನ್ನು ನೋಡತೊಡಗಿದರು, ಕೆಲವರು ಅವಳ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು.

ಒಮ್ಮೆ ಮಾತ್ರ ಕೆಡುವುದರಲ್ಲಿತ್ತು. ಪಕ್ಕದ ಮನೆಯ ಕಿಟಕಿಗೆ ಬಾಗಿಲು ಮಾಡಲು ಬಂದ ಬಡಗಿ ತನ್ನ ಟೇಪು ಮರೆತು, ನಾನು ಗಮನಿಸುವ ಮೊದಲೇ ಅತ್ತೆಯದನ್ನು ಎರವಲು ತೆಗೆದುಕೊಂಡು ಹೋಗಿ ಅಳೆದುಬಿಟ್ಟ. ವಾರ ಬಿಟ್ಟು ಅವನು ತನ್ನ ಟೇಪಿನಲ್ಲಿ ಅಳೆದು ಕೊಯ್ದು ತಂದ ಬಾಗಿಲು ಕಿಟಕಿಯ ಮಧ್ಯದಲ್ಲಿ ಅಂಚೆಚೀಟಿಯಂತೆ ನಿಂತಿತು. ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಎಷ್ಟೋ ಹೊತ್ತಾದ ಮೇಲೆ, ಗೋಡೆಗೆ ತೇವ ಹಿಡಿದು ಮನೆಯೇ ಉಬ್ಬಿದೆ ಎಂದು ತೀರ್ಮಾನಿಸಿದ. ಪಕ್ಕದ ಮನೆಯಾಕೆ ಅದನ್ನು ಮರುಮಾತಿಲ್ಲದೆ ಒಪ್ಪಿದಳು. ತನ್ನ ಸೊಂಟ ಇಪ್ಪತ್ತೇಳಾಗಿದ್ದ ಆ ಕಾಲದಲ್ಲಿ ಮನೆ ಉಬ್ಬುವುದು ಅವಳಿಗೆ ದೊಡ್ಡ ವಿಷಯವಾಗಿರಲಿಲ್ಲ.

ವರ್ಷ ಕಳೆಯಿತು. ಹಲಗೆಯ ಮೇಲೆ ಹೊಸ ಚಿತ್ರ ಬಂತು: ಅದೇ ಹೆಂಗಸು, "ನಾನೀಗ ಇಪ್ಪತ್ತಾರು. ನೀವು ಇನ್ನೂ ಅಲ್ಲೇ?" ಅವಳ ಸೊಂಟವನ್ನು ಯಾರೋ ಕಂಪ್ಯೂಟರಿನಲ್ಲಿ ಕೊರೆದು ಸಣ್ಣ ಮಾಡಿದ್ದರು. ಕೊರೆಯುವಾಗ ಚಿತ್ರದಲ್ಲಿ ಅವಳ ಹಿಂದಿದ್ದ ಕಿಟಕಿಯ ಸರಳೂ ಸೊಂಟದ ಜೊತೆಗೇ ಒಳಕ್ಕೆ ಬಾಗಿತ್ತು. ನಾನು ಗುಂಡುವಿಗೆ ತೋರಿಸಿದೆ: ನೋಡೇ, ಸೊಂಟ ಸಣ್ಣ ಮಾಡಿಕೊಳ್ಳಬಹುದು, ಕಬ್ಬಿಣದ ಸರಳು ಕೂಡ ಊಟ ಬಿಟ್ಟಿತಾ? ಅವಳು ಸರಳನ್ನು ನೋಡಲೇ ಇಲ್ಲ. ಮತ್ತೆ ಸೌತೆಕಾಯಿ ಬಂತು, ಮತ್ತೆ ಎರಡು ತಟ್ಟೆಗಳು ಹೋದ ಹಾಗೇ ವಾಪಸು ಬಂದವು. ಅತ್ತೆ ಎರಡನೆಯ ಟೇಪು ಮಾಡಿಸಿದಳು, ಇಂಚಿಗೆ ಒಂದೂಕಾಲರ ಮೇಲೆ ಇನ್ನೊಂದೆರಡು ಎಳೆ. ಮರುವರ್ಷ ಹಲಗೆ ಇಪ್ಪತ್ತನಾಲ್ಕಕ್ಕೆ ಇಳಿಯಿತು. ಮೂರನೆಯ ಟೇಪಿನಲ್ಲಿ ಇಂಚೆಂದರೆ ಪೂರ್ತಿ ಒಂದೂವರೆ ಇಂಚು. ಈ ನಡುವೆ ಗುಂಡು ಪ್ರತಿ ಸೋಮವಾರ ಅಳೆಸಿಕೊಳ್ಳುತ್ತಿದ್ದಳು, ಗೀಟಿಗಿಂತ ಕೂದಲೆಳೆ ಹೆಚ್ಚಾದರೂ ಆ ವಾರವೆಲ್ಲ ಅವಳದು ಅರೆಹೊಟ್ಟೆ, ಅತ್ತೆಯ ತಟ್ಟೆಯಂತೂ ಮುಟ್ಟದೆಯೇ ಒಳಗೆ ಹೋಗುತ್ತಿತ್ತು.

ಹೀಗೇ ಆದರೆ ಹನ್ನೆರಡು ವರ್ಷಕ್ಕೆ ಹಲಗೆಯವಳು ಸೊನ್ನೆಗೆ ಬಂದು ನಿಲ್ಲುತ್ತಾಳೆ, ಆಗ ಏನು ಮಾಡುತ್ತೀಯ ಎಂದು ನಾನು ಅತ್ತೆಯನ್ನು ರೇಗಿಸಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಾ, ಅಷ್ಟು ಹೊತ್ತಿಗೆ ನಮ್ಮ ಒಂದು ಇಂಚು ಬೀದಿಯಷ್ಟು ಉದ್ದವಾಗಿರುತ್ತದೆ, ಆದರೆ ಆಗಲಿ, ನನ್ನ ಮಗಳು ಉಣ್ಣುತ್ತಿರಲಿ ಎಂದಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ನಮ್ಮಲ್ಲಿ ಹಿಟ್ಟೂ ಇತ್ತು, ಹೊಟ್ಟೆಯೂ ಇತ್ತು. ಎರಡನ್ನೂ ಸೇರಿಸಲು ಬೀದಿಗೆಲ್ಲ ಮಲ್ಲಿಗೆ ಹಂಚಬೇಕಾಗಿತ್ತು.

ಕೊನೆಗೆ ಕಂಪನಿಯೇ ನಮ್ಮ ಊರಿನ ದೊಡ್ಡ ರಸ್ತೆಯಲ್ಲಿ ಮಳಿಗೆ ತೆರೆಯಿತು. ತೆರೆಯುವ ದಿನ ಬಂದು ಅಳೆಸಿಕೊಂಡು, ಇಪ್ಪತ್ತನಾಲ್ಕು ಇರುವವರ ಚಿತ್ರವನ್ನು ಒಂದು ತಿಂಗಳು ಹಲಗೆಯ ಮೇಲೆ ಹಾಕುತ್ತೇವೆ ಎಂದು ಸಾರಿತು. ನಮ್ಮ ಪುಸ್ತಕದ ಪ್ರಕಾರ ಬೀದಿಯಲ್ಲಿ ಇಪ್ಪತ್ತನಾಲ್ಕಿನವರು ಒಂಬತ್ತು ಜನ ಇದ್ದರು. ಗುಂಡು ಮೊದಲನೆಯವಳು. ಅವತ್ತು ಅತ್ತೆ ತನಗೆ ತಲೆನೋವು ಎಂದಳು, ತುರ್ತು ಕೆಲಸವಿದೆ ಎಂದಳು, ಮಗಳ ಚಪ್ಪಲಿಯನ್ನು ಬಚ್ಚಿಟ್ಟಳು. ಗುಂಡು ನನ್ನ ಚಪ್ಪಲಿ ಹಾಕಿಕೊಂಡು ಹೊರಟಳು. ಹಿಂದೆ ದಾದಿಯೂ ಉಳಿದ ಏಳು ಜನರೂ ಹೊರಟರು. ಇಪ್ಪತ್ತೆಂಟರ ಅಂಚೆಯವಳು ಸುಮ್ಮನೆ ಜೊತೆಗೆ ಬಂದಳು. ನಾನು ಬರೆದ ಅಳತೆಯ ಪುಸ್ತಕವನ್ನೂ ಪುರಾವೆಗೆಂದು ಅವರು ಹೊತ್ತುಕೊಂಡಿದ್ದರು.

ಮಳಿಗೆಯ ಹುಡುಗಿ ಗುಂಡುವನ್ನು ಒಂದು ಪೀಠದ ಮೇಲೆ ನಿಲ್ಲಿಸಿ, ಟೇಪು ಸುತ್ತಿ, ಮೈಕಿನಲ್ಲಿ ಮೂವತ್ತಾರು ಎಂದಳು. ಎರಡು ವರ್ಷ ಊಟ ಮಾಡಿದ್ದಳಲ್ಲ, ಒಂದು ಇಂಚು ಹೆಚ್ಚಾಗಿತ್ತು. ಗುಂಡು ನಕ್ಕು, ಸರಿಯಾಗಿ ಅಳಿ ಎಂದಳು. ಮತ್ತೆ ಮೂವತ್ತಾರು. ದಾದಿ ಮುಂದೆ ನುಗ್ಗಿ ಪೀಠ ಹತ್ತಿದಳು, ಅವಳದೂ ಮೂವತ್ತಾರು. ಒಂಬತ್ತು ಜನರದೂ ಮೂವತ್ತಾರೇ ಬಂದಾಗ ಹೆಂಗಸರು ಒಂದೇ ದನಿಯಲ್ಲಿ ನಿಮ್ಮ ಟೇಪು ಕೆಟ್ಟಿದೆ ಎಂದರು. ಟೈ ಕಟ್ಟಿದ ಮ್ಯಾನೇಜರು ಒಳಗಿನಿಂದ ಇನ್ನೂ ಮೂರು ಟೇಪು ತಂದ, ನಾಲ್ಕೂ ಒಂದೇ ಮಾತು ಹೇಳಿದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವನು ಗೊಣಗಿದ್ದು ಮೈಕಿನಲ್ಲಿ ಬಂದುಬಿಟ್ಟಿತು. ಅಂಚೆಯವಳು ಅಳತೆಯ ಪುಸ್ತಕವನ್ನು ಅವನ ಮುಂದೆ ಬಡಿದು, ಎರಡು ವರ್ಷದ ದಾಖಲೆ ಇದೆ, ಓದು ಎಂದಳು. ಬೆವರು ಒರೆಸಿಕೊಳ್ಳುತ್ತಾ ಅವನು ಹಾಗಾದರೆ ಆ ಟೇಪನ್ನೇ ತನ್ನಿ ಎಂದ.

ಟೇಪು ಬಾಗಿಲಲ್ಲೇ ಇತ್ತು, ಅತ್ತೆಯ ಕೊರಳಲ್ಲಿ. ಎಲ್ಲರೂ ತಿರುಗಿ ನೋಡಿದರು. ಅವಳು ನಿಧಾನವಾಗಿ ಬಂದು, ಅದನ್ನು ತೆಗೆದು ಕಂಪನಿಯ ಟೇಪಿನ ಪಕ್ಕ ಮೇಜಿನ ಮೇಲೆ ಹಾಸಿದಳು. ಎರಡೂ ಒಂದೇ ಉದ್ದ. ಅವರದು ಅರವತ್ತಕ್ಕೆ ಮುಗಿದರೆ ನಮ್ಮದು ನಲವತ್ತಕ್ಕೆ ಮುಗಿಯುತ್ತಿತ್ತು.

ಮೊದಲು ಮಾತಾಡಿದವಳು ಅಂಚೆಯವಳು. ಅವಳಿಗೆ ನಾಚಿಕೆಯಾದಂತೆ ನನಗೆ ಕಾಣಲಿಲ್ಲ.

"ಅದು ಅವರ ಟೇಪು, ಇದು ನಮ್ಮದು. ಯಾವುದರಲ್ಲಿ ಹೊಲಿದದ್ದು ನನ್ನ ಮೈಗೆ ಸರಿಯಾಗಿ ಕೂತಿದೆ, ಅದನ್ನ ಹೇಳಪ್ಪ."

ಮ್ಯಾನೇಜರು ಅವಳ ಉಡುಪನ್ನು ನೋಡಿದ. ತೋಳು, ಹೆಗಲು, ಸೊಂಟ, ಎಲ್ಲೂ ಒಂದು ಸುಕ್ಕಿರಲಿಲ್ಲ. ಹೆಂಗಸರು ಪುಸ್ತಕ, ಟೇಪು ಎರಡನ್ನೂ ಎತ್ತಿಕೊಂಡು, ಬೈದುಕೊಳ್ಳುತ್ತಾ, ನಗುತ್ತಾ ಬೀದಿಗೆ ಬಂದರು. ದಾದಿಯಂತೂ ಮರುದಿನವೇ ಹೊಸ ಗೌನಿಗೆ ಅಳತೆ ಕೊಡಲು ಬಂದು, ನಮ್ಮ ಟೇಪಿನಲ್ಲೇ ತಗೊಳ್ಳಿ, ಕಿವಿಗೆ ಇಂಪಾಗಿರುತ್ತೆ ಎಂದಳು.

ಆದರೆ ಗುಂಡು ಅವರ ಜೊತೆ ನಗಲಿಲ್ಲ. ಅವರು ಎತ್ತಿಕೊಳ್ಳುವ ಮೊದಲೇ ಮೇಜಿನ ಮೇಲಿನ ಎರಡು ಟೇಪುಗಳನ್ನೂ ಬೆರಳಿನಿಂದ ಉದ್ದಕ್ಕೆ ಸವರಿ, ಇದನ್ನ ನನಗೋಸ್ಕರ ಮಾಡಿದ್ದಾ ಎಂದು ಅಮ್ಮನನ್ನು ಕೇಳಿದಳು. ಅತ್ತೆ ಹೂಂ ಎಂದಳು. ಗುಂಡು ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಈ ಸಲ ಸೌತೆಕಾಯಿಯೂ ಇಲ್ಲ. ನಾನು ಬೈದೆ, ಬೇಡಿದೆ, ಒಮ್ಮೆ ಕೆನ್ನೆಗೆ ಹೊಡೆದೂಬಿಟ್ಟೆ. ಅವಳು ಹೊಡೆಸಿಕೊಂಡು ಮಲಗಿದಳು. ಇನ್ನು ಯಾವ ಟೇಪು ಮಾಡಿದರೂ ಅವಳು ನಂಬುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ನನಗೆ ನಿಜವಾಗಿ ಭಯವಾದದ್ದು ಆಗ.

ನಾಲ್ಕನೆಯ ದಿನ ಬೆಳಗ್ಗೆ ಅತ್ತೆ ಗುಂಡಿಗಳ ಡಬ್ಬಿಯನ್ನು ನೆಲಕ್ಕೆ ಸುರಿದು, ತಳದಿಂದ ಹಳೆಯ ಟೇಪು ತೆಗೆದಳು. ಮಗಳನ್ನು ರಟ್ಟೆ ಹಿಡಿದು ಎಬ್ಬಿಸಿ ಕನ್ನಡಿಯ ಮುಂದೆ ತಂದಳು. ಆದರೆ ಕನ್ನಡಿಗೆ ಎದುರಾಗಿ ತಾನು ನಿಂತಳು, ಮಗಳನ್ನು ಹಿಂದೆ ನಿಲ್ಲಿಸಿದಳು.

"ನಿನಗೆ ಸುಳ್ಳು ಹೇಳಿದೆ, ತಪ್ಪಾಯ್ತು. ಈಗ ನೀನು ನನ್ನನ್ನ ಅಳಿ, ನಿಜವಾದ ಟೇಪಲ್ಲಿ. ನಲವತ್ತಕ್ಕೆ ಕಡಿಮೆ ಇರಲ್ಲ ಅಂತ ನಂಗೊತ್ತು. ಚಿಕ್ಕವಳಿದ್ದಾಗಿಂದ ಮನೇಲಿ ನನ್ನನ್ನ ಪೀಪಾಯಿ ಅಂತಾನೇ ಕರೀತಿದ್ರು. ಬೀದಿಗೆಲ್ಲ ಕೇಳೋ ಹಾಗೆ ಕೂಗು. ನಾಚಿಕೆಯೇನಿದ್ರೂ ಇಬ್ರೂ ಹಂಚ್ಕೊಳ್ಳೋಣ."

ಹಾಗೆ ಕರೆಯುತ್ತಿದ್ದವನು ನನ್ನ ಅಪ್ಪ, ಅವಳ ಸ್ವಂತ ಅಣ್ಣ. ಅತ್ತೆ ತನ್ನನ್ನು ಯಾವತ್ತೂ ಅಳೆದುಕೊಂಡವಳಲ್ಲ. ದೊಗಲೆಯಾದ ಬೂದು ನಿಲುವಂಗಿ ನಾಲ್ಕಿದ್ದವು, ವರ್ಷವೆಲ್ಲ ಅವೇ. ಕನ್ನಡಿಯಲ್ಲೂ ಅವಳು ಯಾವಾಗಲೂ ಗಿರಾಕಿಯ ಹಿಂದೆಯೇ ಇರುತ್ತಿದ್ದದ್ದು, ಹಣೆ ಮತ್ತು ಎರಡು ಕೈ ಬಿಟ್ಟರೆ ನಾವು ಬೇರೇನೂ ನೋಡಿರಲಿಲ್ಲ. ಅವಳು ಕೂಡ ನೋಡಿರಲಿಲ್ಲ.

ನಾನು ಪುಸ್ತಕ ತೆರೆದು ಕಾದೆ. ಗುಂಡು ಟೇಪು ಸುತ್ತಿದಳು. ನಿಲುವಂಗಿಯ ಬಟ್ಟೆ ಅವಳ ಮುಷ್ಟಿಯೊಳಗೆ ಒಟ್ಟಾಗುತ್ತಾ ಹೋಯಿತು, ಒಟ್ಟಾಗುತ್ತಲೇ ಹೋಯಿತು, ಮೈ ಸಿಗಲಿಲ್ಲ. ಸಿಕ್ಕಿದ ಮೇಲೆ ಅವಳು ಅಂಕಿಯನ್ನು ನೋಡಿ, ಬಿಚ್ಚಿ ಮತ್ತೆ ಸುತ್ತಿದಳು. ಮೂರು ಸಲ ಸುತ್ತಿದಳು. ಕೂಗೇ ಎಂದು ಅತ್ತೆ ಗದರಿದಳು.

"ಇಪ್ಪತ್ತನಾಲ್ಕು," ಎಂದಳು ಗುಂಡು. ನನಗೇ ಕಷ್ಟದಲ್ಲಿ ಕೇಳಿಸಿತು.

ಇನ್ನೂ ನಿನ್ನದು ಆ ಟೇಪಿನ ಗುಂಗೇ ಎಂದು ಅತ್ತೆ ರೇಗಿದಳು. ತಾನೇ ಹಳೆಯ ಟೇಪನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು, ಅಡಿಪಟ್ಟಿಗೆ ಹೊಂದಿಸಿ ನೋಡಿದಳು. ಮೂವತ್ತು ವರ್ಷದಿಂದ ಬರಿಯ ಕಣ್ಣಲ್ಲೇ ಅರ್ಧ ಇಂಚು ಹಿಡಿಯುತ್ತಿದ್ದವಳು ತನ್ನ ವಿಷಯದಲ್ಲಿ ಹದಿನಾರು ಇಂಚು ತಪ್ಪಿದ್ದಳು. ಗುಂಡು ಅಮ್ಮನ ನಿಲುವಂಗಿಯನ್ನು ಹಿಂದಿನಿಂದ ಬಿಗಿಯಾಗಿ ಹಿಡಿದೇ ಇದ್ದಳು, ಹಾಗಾಗಿ ಕನ್ನಡಿಯಲ್ಲಿ ನಮಗೆ ಎಲ್ಲ ಕಾಣುತ್ತಿತ್ತು: ಪಕ್ಕೆಲುಬು, ಸೊಂಟದ ಮೂಳೆ, ಕಡ್ಡಿಯಂಥ ತೋಳು. ಹಲಗೆಯ ಅಂಕಿಯನ್ನು ನಮ್ಮ ಬೀದಿಯಲ್ಲಿ ನಿಜವಾಗಿ ಮುಟ್ಟಿದವಳು ಅವಳೊಬ್ಬಳೇ, ಮುಟ್ಟಿದರೆ ಮನುಷ್ಯರು ಹೀಗೆ ಕಾಣುತ್ತಾರೆ.

"ಅಮ್ಮ, ನೀನು ಯಾವಾಗ ಊಟ ಮಾಡ್ತಿದ್ದೆ?"

"ನೀನು ಮಾಡಿದಾಗ," ಎಂದಳು ಅತ್ತೆ, ಇದೇನು ಪ್ರಶ್ನೆ ಎನ್ನುವಂತೆ.

ಗುಂಡು ನಿಲುವಂಗಿಯನ್ನು ಬಿಟ್ಟಳು. ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಒಂದೇ ತಟ್ಟೆಯಲ್ಲಿ ಬಡಿಸಿಕೊಂಡು ಬಂದು, ಕತ್ತರಿಸುವ ಮೇಜಿನ ಮೇಲಿಟ್ಟಳು. ಅತ್ತೆ ಅಭ್ಯಾಸದಂತೆ, ಮೊದಲು ನೀನು ಎಂದಳು. ಗುಂಡು ಮೊದಲ ತುತ್ತನ್ನು ತಾನು ಬಾಯಿಗಿಟ್ಟು, ಅಗಿದು, ನುಂಗಿ, ನುಂಗಿದ್ದನ್ನು ಚಿಕ್ಕ ಮಕ್ಕಳಂತೆ ಬಾಯಿ ಅಗಲಿಸಿ ತೋರಿಸಿದಳು. ಆಮೇಲೆ ಎರಡನೆಯದನ್ನು ಅಮ್ಮನ ಬಾಯಿಗಿಟ್ಟು, ಈಗ ನೀನು ತೋರಿಸು ಎಂದಳು.